ಪದಚರ್ಚೆ: ‘ಡಿಲೇಡ್ ಸ್ಟ್ಯಾಂಡ್‌ಬೈ’ಗೆ ‘ತಡವಾದ’ ಸರಿಯೇ?

ನಮಸ್ಕಾರ. ಡೇಟಾಬೇಸ್ ನೋಡಿಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಮಾಡುತ್ತಿದ್ದೇನೆ. ನಾಳೆ ಅಚ್ಚಿಗೆ ಕೊಡಬೇಕು. ಒಂದು ತಲೆಬರಹ ಮಾತ್ರ ಕೂರುತ್ತಿಲ್ಲ: ‘ಡಿಲೇಡ್ ಸ್ಟ್ಯಾಂಡ್‌ಬೈಗೆ ಮ್ಯಾನುಯಲ್ ಫೇಲ್‌ಓವರ್’. ಸ್ಟ್ಯಾಂಡ್‌ಬೈ ಅಂದರೆ ಮುಖ್ಯ ಸರ್ವರ್‌ನ ನಕಲಾಗಿ ಕಾದಿರುವ ಮೀಸಲು ಸರ್ವರ್. ಮುಖ್ಯದ್ದನ್ನು ಬಿಟ್ಟು ಅದಕ್ಕೆ ಹೋಗುವುದೇ ಫೇಲ್‌ಓವರ್. ಮುಖ್ಯ ಸರ್ವರ್‌ನ ಲಾಗ್, ಅಂದರೆ ಅಲ್ಲಿ ಆದ ಬದಲಾವಣೆಗಳ ದಾಖಲೆ, ಸ್ಟ್ಯಾಂಡ್‌ಬೈಗೆ ಕೂಡಲೇ ಬರುತ್ತದೆ. ಆದರೆ ಅದನ್ನು ಬೇಕಂತಲೇ, ಒಂದು ಗಂಟೆ ಬಿಟ್ಟು ಹಚ್ಚುತ್ತಾರೆ. ಯಾರೋ ಕೈತಪ್ಪಿ ಟೇಬಲ್ ಅಳಿಸಿದರೂ ಅಲ್ಲಿ ಇನ್ನೂ ಉಳಿದಿರುತ್ತದೆ. ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನಲ್ಲಿ 2014ರ 9.4ನೇ ಆವೃತ್ತಿಯಿಂದ ಇದು ಇದೆ. ‘ತಡವಾದ ಮೀಸಲು ಸರ್ವರ್‌ಗೆ ಕೈಯಾರೆ ಬದಲಾಯಿಸುವುದು’ ಅಂತ ಬರೆದಿದ್ದೇನೆ. ಆಗಬಹುದೇ?

---

> ತಡವಾದ ಮೀಸಲು ಸರ್ವರ್

ಖಂಡಿತ ಬೇಡ. ‘ಆದ’ ಅಂದರೆ ತಾನಾಗಿ ಆದದ್ದು, ತಡವಾದ ರೈಲಿನ ಹಾಗೆ. ಓದಿದವರು ಸರ್ವರ್ ಕೆಟ್ಟಿದೆ ಅಂದುಕೊಂಡು ರಿಪೇರಿಗೆ ಇಳಿಯುತ್ತಾರೆ. ‘ತಡ’, ‘ತಡೆ’ ಒಂದೇ ಬೇರಿನವು, ತಮಿಳಿನ ‘ತಡೈ’ ಕೂಡ. ‘ತಡೆ’ಯಲ್ಲಿ ತಡೆಯುವವರು ಒಬ್ಬರಿರುತ್ತಾರೆ. ‘ತಡೆಹಿಡಿದ’ ಅನ್ನಿ.

‘ಕೈಯಾರೆ’ಯೂ ತಪ್ಪು. ಅಲ್ಲಿರುವುದು ತುಂಬು, ತಣಿ ಎನ್ನುವ ‘ಆರ್’. ಕಣ್ಣಾರೆ ನೋಡುತ್ತೇವೆ, ಮನಸಾರೆ ಹರಸುತ್ತೇವೆ. ಒಂದು ಕಮಾಂಡ್ ಕೊಡಲು ‘ಕೈಯಿಂದ’ ಸಾಕು. ಇನ್ನು ‘ಬದಲು’ ಅರಬ್ಬಿಯದು. ‘ಮಾರ್ಪಡಿಸು’ ಇದೆಯಲ್ಲ?

---

‘ಮಾರ್ಪಡಿಸು’ ಅಂದರೆ ಇದ್ದದ್ದನ್ನೇ ತಿದ್ದುವುದು. ಇಲ್ಲಿ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗುತ್ತೇವೆ. ಅರ್ಥ ಬಿಟ್ಟು ಬೇರು ಹಿಡಿದರೆ ಹೀಗೇ ಆಗುವುದು. ‘ಬದಲು’ ಹೊರಗಿನದಾದರೆ ‘ಖಾಲಿ’, ‘ತಯಾರಿ’, ‘ಜಾಸ್ತಿ’ ಎಲ್ಲ ಬಿಡಬೇಕು. ‘ಸರ್ವರ್’ ಮಾತ್ರ ನಿಮ್ಮ ಕಣ್ಣಿಗೆ ಬೀಳಲಿಲ್ಲ, ಅಲ್ವಾ?

‘ತಡೆಹಿಡಿದ’ ಕೂಡ ಒಗ್ಗದು. ಸಂಬಳ ತಡೆಹಿಡಿದರು ಅಂದರೆ ಕೊಡಲೇ ಇಲ್ಲ ಎಂದು. ಇಲ್ಲಿ ಕೆಲಸ ನಿಂತಿಲ್ಲ, ಒಂದು ಗಂಟೆ ಹಿಂದೆ ನಡೆಯುತ್ತಲೇ ಇದೆ. ‘ಒಂದು ಗಂಟೆ ಹಿಂದಿಟ್ಟ’ ಅನ್ನಿ, ಗಡಿಯಾರ ಹಿಂದಿಟ್ಟ ಹಾಗೆ. ‘ಇಡು’ ಬಂದರೆ ಬೇಕಂತ ಮಾಡಿದ್ದು ಅಂತ ಗೊತ್ತಾಗುತ್ತದೆ.

ಪದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಸ್ಟ್ಯಾಂಡ್‌ಬೈಗೆ ಸುಮ್ನೆ ಬಡ್ತಿ ಕೊಟ್ಟರೆ, ಕಾದಿದ್ದ ಲಾಗನ್ನೆಲ್ಲ ತಡವಿಲ್ಲದೆ ಹಚ್ಚಿಕೊಂಡೇ ಅದು ಮುಖ್ಯ ಸರ್ವರ್ ಆಗುವುದು. ಅಳಿಸಿದ ಟೇಬಲ್ ಅಲ್ಲೂ ಹೋಗುತ್ತದೆ. ಹಚ್ಚುವುದನ್ನು ಮೊದಲೇ ನಿಲ್ಲಿಸಿಟ್ಟಿದ್ದರೂ ಅಷ್ಟೇ, ಬಡ್ತಿ ಕೊಟ್ಟ ಕೂಡಲೇ ಆ ನಿಲುಗಡೆ ಮುಗಿಯುತ್ತದೆ. ಎಲ್ಲಿಯವರೆಗೆ ಹಚ್ಚಬೇಕು ಅನ್ನುವ ಹೊತ್ತನ್ನು ಮೊದಲು ಗೊತ್ತು ಮಾಡಬೇಕು. ನಿಮ್ಮ ತಲೆಬರಹದಲ್ಲಿ ಅದರ ಸುಳಿವೇ ಇಲ್ಲ.

---

‘ಬಡ್ತಿ’ ಹಿಂದಿ, ಮರಾಠಿ ಕಡೆಯದು. ‘ಮೇಲೇರಿಸು’ ಅನ್ನಲು ಏನು ಕಷ್ಟ?

---

ಕಚೇರಿಯಲ್ಲಿ ಯಾರೂ ‘ನನಗೆ ಮೇಲೇರಿಕೆ ಸಿಕ್ಕಿತು’ ಅನ್ನುವುದಿಲ್ಲ. ಅದೇ ಕಷ್ಟ.

---

ಇಬ್ಬರಿಗೂ ವಂದನೆ. ‘ಹಿಂದಿಟ್ಟ ಮೀಸಲು ಸರ್ವರ್‌ಗೆ ಕೈಯಿಂದ ಬದಲಾಯಿಸುವುದು’ ಅಂತ ಹಾಕುತ್ತೇನೆ. ಅದರ ಕೆಳಗೇ, ದಪ್ಪ ಅಕ್ಷರದಲ್ಲಿ: ‘ಬಡ್ತಿ ಕೊಡುವ ಮೊದಲು ನಿಲ್ಲಬೇಕಾದ ಹೊತ್ತು ಗೊತ್ತು ಮಾಡಿ’. ಈ ಎಚ್ಚರಿಕೆ ನನ್ನ ಕರಡಿನಲ್ಲಿ ಇರಲೇ ಇಲ್ಲ.

---

‘ಹಿಂದಿಟ್ಟ’ ಒಪ್ಪಿದೆ. ‘ಬದಲಾಯಿಸು’ ಒಪ್ಪಲಿಲ್ಲ.