ಅಪ್‌ಡೇಟ್: ಕ್ರೂಸ್ ಹಡಗಿನಲ್ಲಿ ಬ್ರಷ್, ಪೇಸ್ಟ್, ಪ್ಯಾಡ್ ಸಿಗುತ್ತಾ?

ಹೋದ ವಾರ ಕೇಳಿದ್ದೆ, ನೆನಪಿದೆಯಾ? ಅಮ್ಮ ಮತ್ತು ಮಗಳ ಜೊತೆ ಸಿಂಗಾಪುರದಿಂದ ಪೆನಾಂಗ್, ಫುಕೆಟ್‌ಗೆ ಕ್ರೂಸ್ ಹೊರಟಿದ್ದೇವೆ, ಸೋಪು, ಪೇಸ್ಟ್, ಪ್ಯಾಡ್ ಎಲ್ಲ ಹಡಗಿನಲ್ಲೇ ಸಿಗುತ್ತಾ ಅಂತ. ನಿನ್ನೆ ವಾಪಸ್ ಬಂದೆವು.

"ಕೈಚೀಲದಲ್ಲೇ ಒಂದು ದಿನಕ್ಕಾಗುವಷ್ಟು ಇಟ್ಟುಕೊಳ್ಳಿ" ಅಂದವರಿಗೆ ದೊಡ್ಡ ಥ್ಯಾಂಕ್ಸ್. ಟರ್ಮಿನಲ್‌ನಲ್ಲಿ ಕೊಟ್ಟ ಸೂಟ್‌ಕೇಸ್ ರೂಮಿಗೆ ಬಂದಾಗ ರಾತ್ರಿ ಒಂಬತ್ತು. ಅಷ್ಟರಲ್ಲಿ ಮಗಳಿಗೆ ಮುಟ್ಟು ಶುರುವಾಗಿತ್ತು. ಕೈಚೀಲದಲ್ಲಿದ್ದ ನಾಲ್ಕು ಪ್ಯಾಡ್‌ಗಳೇ ಕಾಪಾಡಿದವು.

ರೂಮಿನಲ್ಲಿ ಇದ್ದದ್ದು ಟವೆಲ್, ಗೋಡೆಗೆ ಹಾಕಿದ ಶಾಂಪೂ, ಸೋಪಿನ ಡಬ್ಬಿ ಅಷ್ಟೇ. ಬ್ರಷ್, ಪೇಸ್ಟ್ ಇರಲಿಲ್ಲ. "ಬೇಕಾದ್ದು ಅಂಗಡಿಯಲ್ಲಿ ತಗೊಳ್ಳಿ" ಅನ್ನೋ ಸಲಹೆ ಮಾತ್ರ ನಮಗೆ ಕೆಲಸಕ್ಕೆ ಬರಲಿಲ್ಲ. ಹಡಗು ಬಂದರಿನಲ್ಲಿ ನಿಂತಿರುವಾಗ ಒಳಗಿನ ಅಂಗಡಿಗಳು ಮುಚ್ಚಿರುತ್ತವೆ! ಸುಂಕದ ನಿಯಮ ಅಂತೆ, ಸಮುದ್ರಕ್ಕೆ ಇಳಿದ ಮೇಲೇ ತೆರೆಯೋದು. ನನಗೆ ಇದು ಗೊತ್ತೇ ಇರಲಿಲ್ಲ. ತೆರೆದಾಗ ನೋಡಿದರೆ ಸಣ್ಣ ಪೇಸ್ಟಿಗೂ ಬೆಲೆ ಜಾಸ್ತಿ, ಅಮ್ಮನ ಹಲ್ಲುಸೆಟ್ಟು ತೊಳೆಯೋ ಮಾತ್ರೆಯಂತೂ ಇಲ್ಲವೇ ಇಲ್ಲ.

ರಿಸೆಪ್ಶನ್‌ನಲ್ಲಿ ಕೇಳಿದಾಗ ಒಂದು ಬ್ರಷ್ ಕಿಟ್ ಸುಮ್ನೆ ಕೊಟ್ಟರು. ಕೇಳಿ ನೋಡಿ, ಸಂಕೋಚ ಬೇಡ. ಉಳಿದದ್ದೆಲ್ಲ ಪೆನಾಂಗ್‌ನಲ್ಲಿ ಸಿಕ್ಕಿತು. ಅಲ್ಲಿ ಹಡಗು ಜಾರ್ಜ್‌ಟೌನ್ ಪಕ್ಕದಲ್ಲೇ ನಿಲ್ಲುತ್ತೆ, ಇಳಿದು ನಡೆದೇ ಊರೊಳಗೆ ಹೋಗಬಹುದು.

ಇನ್ನೊಂದು, ಬಾತ್‌ರೂಮಿನಲ್ಲಿ ನೀರಿನ ಪೈಪ್ ಇರಲಿಲ್ಲ, ಟಿಶ್ಯೂ ಮಾತ್ರ. ಮನೆಯಿಂದ ಒಯ್ದ ಪ್ಲಾಸ್ಟಿಕ್ ಚೊಂಬು ಅಮ್ಮನಿಗೆ ತುಂಬಾ ಉಪಯೋಗವಾಯಿತು.