ಸಹಾಯ ಬೇಕು: ಗಡಿಲಿರೋ ನಮ್ಮ ಕಾಲೋನಿಗೆ ರಸ್ತೆ, ನೀರು

ಎಲ್ಲರಿಗೂ ನಮಸ್ಕಾರ. ನಮ್ದು ಮೂಡಿಗೆರೆ ಸಕಲೇಶಪುರ ಗಡಿಲಿ ಕಾಡಂಚಿನ ಕಾಲೋನಿ, ಇಲ್ಲಿ ಕೇಳಿದ್ರೆ ಹಾಸನದವ್ರನ್ನ ಕೇಳಿ ಅಂತಾರೆ, ಅಲ್ಲಿಗೋದ್ರೆ ನೀವು ಚಿಕ್ಕಮಗಳೂರಿನವ್ರು ಅಂತಾರೆ, ರಸ್ತೆನೂ ಇಲ್ಲ ಕುಡಿಯೋ ನೀರಿನ ಪೈಪೂ ಇಲ್ಲ. ಮಳೆಗಾಲದಲ್ಲಿ ಹುಷಾರಿಲ್ಲದವ್ರನ್ನ ಜೋಲಿ ಕಟ್ಕೊಂಡು ಹೊತ್ಕೊಂಡೇ ಮೇನ್ ರೋಡಿಗೆ ತರ್ಬೇಕು, ಇದು ಅನ್ಯಾಯ.

ಕೇಳ್ದಾಗೆಲ್ಲ ಫಾರೆಸ್ಟ್ ಜಾಗ ಆಗಲ್ಲ ಅನ್ನೋದೊಂದೇ ಉತ್ತರ. ಆದ್ರೆ 2006ರ ಅರಣ್ಯ ಹಕ್ಕು ಕಾಯ್ದೆ ಸೆಕ್ಷನ್ 3(2)ರಲ್ಲಿ ರಸ್ತೆ, ಕುಡಿಯೋ ನೀರು, ಅಂಗನವಾಡಿ, ಕರೆಂಟ್ ಲೈನ್ ಇಂಥದ್ದಕ್ಕೆಲ್ಲ ಒಂದೊಂದು ಕೆಲಸಕ್ಕೆ 1 ಹೆಕ್ಟೇರಿಗಿಂತ ಕಮ್ಮಿ ಕಾಡು ಜಾಗ ಕೊಡ್ಬಹುದು, ಹೆಕ್ಟೇರಿಗೆ 75 ಮರ ಮೀರಬಾರ್ದು, ಗ್ರಾಮಸಭೆ ಶಿಫಾರಸು ಬೇಕು ಅಂತ ಸ್ಪಷ್ಟವಾಗಿದೆ. ತೋಟದ ಕೆಲಸ ಮುಗಿಸ್ಕೊಂಡು ಬಂದು ಹೆಂಗಸ್ರೇ ಮುಂದೆ ನಿಂತು ಮೀಟಿಂಗ್ ಮಾಡ್ತಿದಾರೆ, ಗಡಿಯ ಎರಡೂ ಕಡೆಯವ್ರು ಒಟ್ಟಾಗಿದೀವಿ, ನನಗಂತೂ ಅದೇ ದೊಡ್ಡ ಧೈರ್ಯ.

ಈ ಸೆಕ್ಷನ್ನಲ್ಲಿ ರಸ್ತೆ ಮಾಡಿಸ್ಕೊಂಡೋರು ಇದ್ರೆ ದಯವಿಟ್ಟು ಗ್ರಾಮಸಭೆ ಠರಾವಿನ ಕಾಪಿ ಕಳ್ಸಿ. ಎರಡು ಜಿಲ್ಲೆ ಎರಡು ಪಂಚಾಯ್ತಿ ಆದ್ರೆ ಬೇರೆಬೇರೆ ಗ್ರಾಮಸಭೆ ಮಾಡ್ಬೇಕಾ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸ್ರಿಗೆ, ಎಸ್‌ಸಿ ಎಸ್‌ಟಿಯವ್ರಿಗೆ ಫ್ರೀ ವಕೀಲರು ಸಿಗ್ತಾರೆ ಸರಿ, ಆದ್ರೆ ಅರಣ್ಯ ಹಕ್ಕಿನ ಕೇಸ್ ನಡೆಸಿ ಗೊತ್ತಿರೋರು ಬೇಕು. ಹಾಸನ, ಚಿಕ್ಕಮಗಳೂರು ಎಲ್ಲಿದ್ರೂ ಸರಿ, ಇನ್‌ಬಾಕ್ಸ್ ಮಾಡಿ, ಊರಿಗೆ ಕರ್ಕೊಂಡು ಹೋಗೋ ಜವಾಬ್ದಾರಿ ನಮ್ದು.