ಎರಡು ವಾಗ್ದಾನದ ಚೀಟಿ, ಒಂದು ಜರ್ಮನಿ ಕೆಲಸ: ದೇವರ ಚಿತ್ತ ತಿಳಿಯುವುದು ಹೇಗೆ?

ಬೆಟಗೇರಿ ಸಿಸ್ಟರ್

ಎಲ್ಲರಿಗೂ ಕರ್ತನಲ್ಲಿ ವಂದನೆ. ನಾನು ಸ್ಟಾಫ್ ನರ್ಸ್. ಜರ್ಮನಿಗೆ ಹೋಗುವ ಅವಕಾಶ ಬಂದಿದೆ. ಮೊದಲು ಇಲ್ಲೇ ಭಾಷೆ ಕಲಿಯಬೇಕು, ಆಮೇಲೆ ವೀಸಾ. ನಮ್ಮವರ ಅಂಗಡಿ ಮುಚ್ಚಿದೆ, ಸಾಲ ಇದೆ. ಮಗ ಎರಡನೇ ಕ್ಲಾಸ್. ಅತ್ತೆಗೆ ಶುಗರ್, ಮಂಡಿನೋವು.

ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ವಾಗ್ದಾನದ ಚೀಟಿ, ಅಂದರೆ ಬೈಬಲ್ ವಚನ ಬರೆದ ಚೀಟಿ, ತೆಗೆದೆವು. ನನಗೆ ಆದಿಕಾಂಡ 28:15, ನೀನು ಎಲ್ಲಿಗೆ ಹೋದರೂ ಕಾಪಾಡುತ್ತೇನೆ ಅಂತ. ಅತ್ತೆಗೆ ಕೀರ್ತನೆ 37:3, ದೇಶದಲ್ಲೇ ವಾಸವಾಗಿರು ಅಂತ! ಮನೆ ಮುಟ್ಟುವಷ್ಟರಲ್ಲಿ ಜಗಳ. ಈಗ ಎರಡೂ ಚೀಟಿ ಫ್ರಿಜ್ ಮೇಲೆ ಅಕ್ಕಪಕ್ಕ ಅಂಟಿಕೊಂಡಿವೆ.

ಪ್ರಾರ್ಥನೆ ಮಾಡಿ ಅಂತ ಮಾತ್ರ ಹೇಳಬೇಡಿ, ಮಾಡುತ್ತಲೇ ಇದ್ದೇನೆ. ಉತ್ತರ ಬಂತು ಅಂತ ನಿಮಗೆ ಹೇಗೆ ಗೊತ್ತಾಯಿತು, ಅದನ್ನು ಹೇಳಿ.

ಹುಬ್ಬಳ್ಳಿ ಬ್ರದರ್

ಚಿಂತೆ ಬಿಡಿ ಸಿಸ್ಟರ್. ದೇವರು ತೆರೆದ ಬಾಗಿಲನ್ನು ಯಾರೂ ಮುಚ್ಚಲಾರರು. ಆಮೆನ್.

ನಿವೃತ್ತ ಸಭಾಪಾಲಕ, ಧಾರವಾಡ

ಯಾವ ಬಾಗಿಲು ಅಂತಲೇ ಅಲ್ವಾ ತಂಗಿ ಕೇಳುತ್ತಿರುವುದು?

ಅಮ್ಮಾ, ವರ್ಷಗಟ್ಟಲೆ ಆ ಚೀಟಿ ಕತ್ತರಿಸಿ ತಟ್ಟೆಗೆ ಹಾಕಿದವನು ನಾನು. ಉದ್ದ ವಚನ ಅದರಲ್ಲಿ ಹಿಡಿಸುವುದಿಲ್ಲ, ಅರ್ಧಕ್ಕೇ ನಿಲ್ಲಿಸುತ್ತಿದ್ದೆವು. ನಿಮ್ಮದರ ಉಳಿದ ಭಾಗ ಓದಿ. ತಿರುಗಿ ಈ ದೇಶಕ್ಕೆ ಕರೆತರುತ್ತೇನೆ ಅಂತಲೂ ಇದೆ. ಅದನ್ನು ಕೇಳಿಸಿಕೊಂಡ ಯಾಕೋಬ ಹೋಗಲೋ ಬೇಡವೋ ಅಂತ ಯೋಚಿಸುತ್ತಾ ಕೂತಿರಲಿಲ್ಲ. ಅಣ್ಣನಿಗೆ ಮೋಸ ಮಾಡಿ ಊರು ಬಿಟ್ಟು ಓಡುತ್ತಿದ್ದ. ಇನ್ನು ಅತ್ತೆಯವರ ಕೀರ್ತನೆ ಶುರುವಾಗುವುದೇ ಕೆಟ್ಟವರ ಏಳಿಗೆ ನೋಡಿ ಉರಿದುಕೊಳ್ಳಬೇಡ ಅಂತ. ಪಾಸ್‌ಪೋರ್ಟಿನ ಮಾತು ಅಲ್ಲಿಲ್ಲ.

ಇಂಥ ಹೊತ್ತಿಗೆ ನಾನು ಓದುವುದು ಬೈಬಲಿನ ಅಪೊಸ್ತಲರ ಕೃತ್ಯಗಳು 16ನೇ ಅಧ್ಯಾಯ. ಅಪೊಸ್ತಲ ಪೌಲನಿಗೆ ಆಸ್ಯಸೀಮೆಯಲ್ಲಿ ಸುವಾರ್ತೆ ಸಾರಲು ದೇವರಾತ್ಮನಿಂದಲೇ ತಡೆ. ಬಿಥೂನ್ಯಕ್ಕೆ ಹೊರಟ, ಅಲ್ಲೂ ತಡೆ. ಕೊನೆಗೆ ತ್ರೋವದಲ್ಲಿ ರಾತ್ರಿ ದರ್ಶನವಾಗಿ ಮಕೆದೋನ್ಯಕ್ಕೆ ಹೋದ. ದೇವರೇ ಕರೆದ ಜಾಗ. ಆದರೆ ಅಲ್ಲಿನ ಫಿಲಿಪ್ಪಿ ಊರಲ್ಲಿ ಸಿಕ್ಕಿದ್ದು ಛಡಿ ಏಟು, ಸೆರೆಮನೆ, ಕಾಲಿಗೆ ಕೋಳ. ಸಲೀಸಾಗಿ ನಡೆದರೆ ದೇವರ ಚಿತ್ತ, ಕಷ್ಟ ಬಂದರೆ ಅಲ್ಲ ಅನ್ನುವ ನಮ್ಮ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಇನ್ನೊಂದು ಗಮನಿಸಿ. ದರ್ಶನ ಕಂಡದ್ದು ಪೌಲನೊಬ್ಬನಿಗೆ, ಹೊರಡಬೇಕು ಅಂತ ನಿಶ್ಚಯಿಸಿದ್ದು ಜೊತೆಗಿದ್ದವರೆಲ್ಲ ಸೇರಿ. ನಿಮ್ಮ ಮನೆಯಲ್ಲಿ ಹಾಗೆ ಎಲ್ಲರೂ ಕೂತು ಮಾತಾಡಿದ್ದೀರಾ? ಚೀಟಿ ವಿಷಯ ಬಿಡಿ, ನಿಮಗೆ ಭಯ ಯಾವುದರದ್ದು ಅಂತ ಅತ್ತೆಯನ್ನು ಕೇಳಿ.

ಸ್ಟುಟ್‌ಗಾರ್ಟ್ ನರ್ಸಮ್ಮ

ನಾನು ಇಲ್ಲೇ ಕೆಲಸದಲ್ಲಿರುವವಳು. ನಮ್ಮ ಡಿಗ್ರಿಗೆ ಮಾನ್ಯತೆ ಸಿಗುವವರೆಗೆ ನೀವಿಲ್ಲಿ ಸಹಾಯಕಿ ಅಷ್ಟೇ, ಸಂಬಳವೂ ಕಡಿಮೆ. ಪೂರ್ತಿ ನರ್ಸ್ ಆಗಲು ಸಾಮಾನ್ಯವಾಗಿ ಜರ್ಮನ್ ಭಾಷೆಯಲ್ಲಿ ಬಿ2 ಹಂತ, ಅಂದರೆ ಬಿ1ರ ಮೇಲಿನ ಹಂತ, ಬೇಕು. ಗಂಡ, ಮಗನನ್ನು ಕರೆಸಿಕೊಳ್ಳಲು ಸಾಕಷ್ಟು ಸಂಬಳ ತೋರಿಸಬೇಕು. ನಿಮ್ಮ ಸಾಲದ ಕಂತಿಗೆ ಇದನ್ನು ಈಗಲೇ ಹೊಂದಿಸಿ ನೋಡಿ.

ನಿಮ್ಮನ್ನು ಕಳಿಸುವ ಏಜೆಂಟ್ ಭಾರತದ 1983ರ ವಲಸೆ ಕಾಯ್ದೆಯಡಿ ನೋಂದಣಿ ಆಗಿರಬೇಕು. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಲಕ್ಷಗಳಲ್ಲಿ ಕೇಳಿದರೆ ಎದ್ದು ಬನ್ನಿ. ಒರಿಜಿನಲ್ ಸರ್ಟಿಫಿಕೇಟ್ ಯಾರ ಕೈಗೂ ಕೊಡಬೇಡಿ.

ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು. ಮೊದಲ ಚಳಿಗಾಲ ನಾನು ಕೀರ್ತನೆ 13 ಜೋರಾಗಿ ಓದುತ್ತಿದ್ದೆ. ಎಲ್ಲಿಯವರೆಗೆ ನನ್ನನ್ನು ಮರೆತಿರುತ್ತೀ ಅಂತ ದೇವರನ್ನೇ ದಬಾಯಿಸುವ ಕೀರ್ತನೆ. ಸುಮ್ನೆ ಸಮಾಧಾನದ ಮಾತಿಗಿಂತ ಅದೇ ನನ್ನನ್ನು ಹಿಡಿದು ನಿಲ್ಲಿಸಿತು.

ಬೆಟಗೇರಿ ಸಿಸ್ಟರ್

ಅಯ್ಯನವರೇ, ಕೇಳಿದೆ. ನಾನು ಹೋಗುವುದು ಅತ್ತೆಗೆ ಭಯವಲ್ಲವಂತೆ. ಅಂಗಡಿ ಮುಚ್ಚಿದ ಮೇಲೆ ನಿನ್ನ ಗಂಡ ಮಾತೇ ಆಡುವುದಿಲ್ಲ, ನೀನೂ ಇಲ್ಲದಿದ್ದರೆ ಅವನನ್ನು ಯಾರು ನೋಡುತ್ತಾರೆ ಅಂದರು. ಇದು ನನಗೆ ಹೊಳೆದೇ ಇರಲಿಲ್ಲ. ಭಾನುವಾರ ಮೂವರೂ ಕೂರುತ್ತೇವೆ. ಭಾಷೆ ಕ್ಲಾಸಿಗಂತೂ ಸೇರುತ್ತೇನೆ, ಅದರಿಂದ ನಷ್ಟವೇನಿಲ್ಲ. ಏಜೆಂಟ್ ಹತ್ತಿರ ನೋಂದಣಿ ನಂಬರ್ ಕೇಳಿದ್ದೇನೆ, ಇನ್ನೂ ಕಳಿಸಿಲ್ಲ.

ಸ್ಟುಟ್‌ಗಾರ್ಟ್ ಅಕ್ಕಾ, ನೈಟ್ ಡ್ಯೂಟಿ ಮಾಡಿಕೊಂಡು ಬಿ1 ಪಾಸಾಗಲು ಆಗುತ್ತದಾ?